ರಕ್ತದಲ್ಲಿ ಕಾಣದ್ದು

ಹಾಲೇಶಪ್ಪನ ರಕ್ತದ ರಿಪೋರ್ಟು ಚೊಕ್ಕವಾಗಿ ಬಂದ ದಿನವೇ ಸರ್ವಮಂಗಳಮ್ಮನಿಗೆ ಗಂಡನ ಮೇಲಿನ ಅನುಮಾನ ಗಟ್ಟಿಯಾಯಿತು. ಹದಿನಾಲ್ಕು ವರ್ಷದಿಂದ ಆ ಕಾಗದಕ್ಕಾಗಿ ಅವಳು ಕಾಯದ ದಿನವಿಲ್ಲ. ಹಿಂದೂಪುರದ ಆಸ್ಪತ್ರೆಯ ಹಿಂಬದಿಯಲ್ಲಿರುವ ಹೆಚ್‌ಐವಿ ಸೆಂಟರಿನಲ್ಲಿ ‘ವೈರಸ್ ಕಾಣಿಸುತ್ತಿಲ್ಲ’ ಎಂದು ಬರೆದುಕೊಟ್ಟರೆ ಸಾಕು, ದಾರಿಯಲ್ಲಿ ಎರಡು ಮೊಳ ಹೂವು ಕೊಂಡುಕೊಂಡೇ ಮನೆಗೆ ಬರುತ್ತಿದ್ದಳು. ಈ ಸಲ ಹೂವಿನ ಕಡೆ ತಿರುಗಿಯೂ ನೋಡಲಿಲ್ಲ. ರಕ್ತದಲ್ಲಿ ಕಾಯಿಲೆ ಹತೋಟಿಗೆ ಬಂದಿದೆ ಎಂದ ಮೇಲೆ ಈ ಮನುಷ್ಯ ಯಾಕೆ ಹೀಗೆ ತೂರಾಡುತ್ತಾನೆ? ಕಾಯಿಲೆಯಲ್ಲದಿದ್ದರೆ ಅದು ಕುಡಿತ. ಮೂರನೆಯ ಕಾರಣ ಅವಳಿಗೆ ತೋಚಲಿಲ್ಲ.

ತೋಚದೆ ಇದ್ದುದಕ್ಕೆ ಅವಳನ್ನು ದೂರಿ ಪ್ರಯೋಜನವಿಲ್ಲ. ಹಾಲೇಶಪ್ಪ ಆಂಧ್ರದ ಗಡಿಯೂರು ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟವನು. ಹರೆಯದಲ್ಲಿ ಲೋಡಿನ ಹಿಂದೆ ಮದರಾಸಿಗೆ ಲಾರಿಯಲ್ಲಿ ಹೋಗಿಬರುತ್ತಿದ್ದಾಗ ಕುಡಿತವೂ ಅಂಟಿತ್ತು, ಇನ್ನೊಂದೂ ಅಂಟಿತು. ಅದು ಗೊತ್ತಾದ ದಿನ ಸರ್ವಮಂಗಳಮ್ಮ ತವರಿಗೆ ಹೋಗಲಿಲ್ಲ, ಬಾಯಿ ಬಡಿದುಕೊಳ್ಳಲಿಲ್ಲ. ಗಂಡನ ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆಸಿ ಅವನ ಎಡಗೈ ಮೇಲೆ ಇರಿಸಿ, ‘ಇನ್ನು ಕುಡಿಯಲ್ಲ, ಇನ್ನೊಬ್ಬಳ ಹತ್ತಿರ ಹೋಗಲ್ಲ, ಒಂದು ಮಾತ್ರೆ ತಪ್ಪಿಸಲ್ಲ’ ಎಂದು ಆಣೆ ಮಾಡಿಸಿದಳು. ಅವನು ಮಾಡಿದ. ಮಾಡಿದ್ದನ್ನು ನಡೆಸಿಕೊಂಡೂ ಬಂದ. ದಿನಾ ಬೆಳಿಗ್ಗೆ ಸ್ನಾನ, ಲಿಂಗಪೂಜೆ, ತಿಂಡಿ, ಆಮೇಲೆ ಮಾತ್ರೆ. ಸೀಸೆಯ ಮೇಲಿನ ಚೀಟಿಯನ್ನು ಅವಳೇ ಕಿತ್ತು, ಬಿ.ಪಿ. ಮಾತ್ರೆ ಎಂದು ನೆಂಟರಿಗೆಲ್ಲ ನಂಬಿಸಿದ್ದಳು. ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ವ್ಯಾಪಾರ ಮಾಡುವ ಅವನ ಅಣ್ಣ ಮರುಳಪ್ಪನಿಗೂ ಗುಟ್ಟು ಗೊತ್ತಿರಲಿಲ್ಲ. ಅವಳಿಗೆ ಮಾತ್ರ ಸೋಂಕು ತಗಲಿರಲಿಲ್ಲ. ಮಕ್ಕಳಿಲ್ಲದ ಮನೆ, ಇಬ್ಬರೇ ಜನ. ಗುಟ್ಟು ಇಬ್ಬರ ಮಧ್ಯೆ ತಣ್ಣಗೆ ಮಲಗಿತ್ತು.

ದಸರಾ ಕಳೆದ ಮೇಲೆ ಶುರುವಾಯಿತು ನೋಡಿ. ಮೂಟೆಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಕಣ್ಣು ಮುಚ್ಚಿಕೊಂಡೇ ಇದು ಒಳ್ಳೇ ಕರಿಪುಳಿ ಹಣ್ಣು, ಇದು ಕಲಬೆರಕೆ ಎಂದು ಹೇಳುತ್ತಿದ್ದ ಹಾಲೇಶಪ್ಪ, ಕೈ ಇಳಿಸಿದವನು ಯಾಕೆ ಇಳಿಸಿದೆನೆಂದು ಮರೆತು ಹಾಗೇ ನಿಂತುಬಿಡತೊಡಗಿದ. ಮಂಡಿಯ ಹಳೇ ಆಳು ಸಂಜೀವಪ್ಪ ಎರಡು ಸಲ ನೋಡಿ, ಮೂರನೇ ಸಲ ಮನೆಗೆ ಬಂದು ಹೇಳಿದ.

“ಅಮ್ಮಾ, ಸಾವ್ಕಾರ್ರಿಗೆ ಏನೋ ಆಗೈತೆ. ನಿನ್ನೆ ಬೀಗ ಹಾಕಿ ನಮ್ಮನೆ ಕಡೀಕೆ ನಡ್ಕೊಂಡು ಬಂದ್ಬುಟ್ರು. ಇದೇ ನಮ್ಮನೆ ಅಂತಾರೆ.”

ನಡಿಗೆಯೂ ಕೆಟ್ಟಿತು. ಕಾಲು ಅಗಲಿಸಿ, ಗೋಡೆಗೆ ಒಂದು ಕೈ ಕೊಟ್ಟು ನಡೆಯುವನು. ಮಾತು ಎಳೆದೆಳೆದು ಬರುವುದು. ಸರ್ವಮಂಗಳಮ್ಮ ಇಪ್ಪತ್ತು ವರ್ಷದ ಹಿಂದೆ ಮಾಡುತ್ತಿದ್ದ ಹಾಗೆ ಬಾಗಿಲಲ್ಲೇ ನಿಂತು ಅವನ ಬಾಯಿಯ ವಾಸನೆ ನೋಡಿದಳು. ವಾಸನೆ ಇರಲಿಲ್ಲ. ಈಗಿನ ಕಾಲದಲ್ಲಿ ವಾಸನೆ ಬರದ ಸರಕೂ ಸಿಗುತ್ತದಂತೆ ಎಂದುಕೊಂಡಳು. ಅನುಮಾನ ಹೊಕ್ಕ ಮನಸ್ಸಿಗೆ ಸಾಕ್ಷಿಯ ಬರ ಯಾವತ್ತೂ ಇರುವುದಿಲ್ಲ.

ಕಾರ್ತಿಕದಲ್ಲಿ ಮರುಳಪ್ಪನ ಮಗಳು ಮೇಘನಾಳ ನಿಶ್ಚಿತಾರ್ಥ. ಹೈಸ್ಕೂಲು ಓದಿದ ಮೂರು ವರ್ಷ ಹಿಂದೂಪುರದಲ್ಲಿ ಚಿಕ್ಕಪ್ಪನ ಮನೆಯಲ್ಲೇ ಬೆಳೆದ ಹುಡುಗಿ. ಗಂಡ ಹೆಂಡತಿ ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಹೋದರು. ದಾರಿಯುದ್ದಕ್ಕೂ ಸರ್ವಮಂಗಳಮ್ಮ ಅವನ ಕೈ ಬಿಡಲಿಲ್ಲ. ಪಕ್ಕದಲ್ಲಿ ಕೂತವರು ಏನು ಅನ್ಯೋನ್ಯ ದಂಪತಿ ಎಂದುಕೊಂಡಿರಬೇಕು. ನಡುದಾರಿಯಲ್ಲಿ ಇಳಿದು ಯಾವುದಾದರೂ ಹೆಂಡದಂಗಡಿಗೆ ನುಗ್ಗಿಬಿಟ್ಟಾನೆಂಬ ಕಾವಲು ಅದು.

ಮನೆ ತಲುಪಿ ಅವಳು ಅಡಿಗೆಮನೆಯ ಕೆಲಸಕ್ಕೆ ಸೇರಿದ ಮೇಲೆ ಗಂಡ ಎಲ್ಲಿದ್ದನೆಂದು ಕಣ್ಣಿಡಲಾಗಲಿಲ್ಲ. ಗಂಡಿನ ಕಡೆಯವರು ಬಂದರು. ತಾಂಬೂಲದ ತಟ್ಟೆ ಬದಲಾಯಿಸುವಾಗ ಮರುಳಪ್ಪ ತಮ್ಮನಿಗೇ ಆ ಗೌರವ ಕೊಟ್ಟ. ಹಾಲೇಶಪ್ಪ ತಟ್ಟೆ ಹಿಡಿದು ಎದ್ದ, ಎರಡು ಹೆಜ್ಜೆ ಇಟ್ಟ, ಮೂರನೆಯದಕ್ಕೆ ಕಾಲು ಅಡ್ಡ ಬಿತ್ತು. ಎಲೆ, ಅಡಿಕೆ, ಕೊಬ್ಬರಿ ಬಟ್ಟಲು ಬೀಗರ ಕಾಲ ಬುಡಕ್ಕೆ ಚೆಲ್ಲಾಪಿಲ್ಲಿಯಾದವು. ಯಾರೋ ಎಬ್ಬಿಸಿ ಕೂರಿಸಿದರೆ, ಅವನು ಮೇಘನಾಳ ಮುಖ ನೋಡಿ, ಎಂದೋ ತೀರಿಕೊಂಡ ತನ್ನ ತಂಗಿಯ ಹೆಸರು ಹಿಡಿದು ಕೂಗಿದ. ಗಂಡಿನ ಸೋದರಮಾವ ತೆಲುಗಿನಲ್ಲಿ, “ಪೊದ್ದುನ್ನೇ ತಾಗೇಸಿನಟ್ಟುನ್ನಾಡು” ಎಂದು ಪಕ್ಕದವನ ಕಿವಿಯಲ್ಲಿ ಅಂದದ್ದು ಎಲ್ಲರಿಗೂ ಕೇಳಿಸಿತು. ಬೆಳಿಗ್ಗೆಯೇ ಕುಡಿದುಬಂದಿದ್ದಾನೆ ಎಂಬ ಆ ಮಾತಿಗೆ ಮರುಳಪ್ಪನ ಮುಖ ಸಣ್ಣದಾಯಿತು.

ಬೀಗರು ಹೊರಟ ಮೇಲೆ ಪಡಸಾಲೆಯಲ್ಲಿ ಮನೆಯವರಷ್ಟೇ ಉಳಿದರು. ಮರುಳಪ್ಪ ತಮ್ಮನ ಎದುರು ಬಂದು ನಿಂತ.

“ಏನ್ಲಾ ಹಾಲೇಶ, ನನ್ ಮಗಳ ಮದ್ವೆ ಮುರೀಬೇಕು ಅಂತ್ಲೇ ಕುಡ್ಕೊಂಡು ಬಂದ್ಯಾ?”

ಹಾಲೇಶಪ್ಪ ಅಣ್ಣನ ಮುಖವನ್ನೇ ನೋಡಿದ. ಎಲ್ಲರ ಕಣ್ಣೂ ತನ್ನ ಕಡೆ ತಿರುಗಿದ್ದು ಸರ್ವಮಂಗಳಮ್ಮನಿಗೆ ತಿಳಿಯಿತು. ಹೆಂಡತಿಯಾದವಳು ಗಂಡನ ಪರ ನಿಲ್ಲಬೇಕಾದ ಹೊತ್ತು ಅದು. ಅವಳು ನಿಂತಳು, ಆದರೆ ಎದುರಿಗೆ. ಅವನ ಕರಡಿಗೆಯನ್ನು ತಾನೇ ಬಿಚ್ಚಿ, ಲಿಂಗವನ್ನು ಅವನ ಎಡಗೈ ಮೇಲೆ ಇಟ್ಟಳು.

“ಕುಡ್ದಿಲ್ಲ ಅಂತ ಲಿಂಗ ಹಿಡ್ದು ಹೇಳಿ. ಅಷ್ಟು ಹೇಳ್ಬುಡಿ, ಎಲ್ರೂ ಬಾಯ್ ಮುಚ್ಕೋತಾರೆ.”

ಅವನು ಅಂಗೈ ನೋಡಿದ. ತುಟಿ ಅಲುಗಿತು. “ನಂಗೆ ಗ್ಯಾಪಕ ಇಲ್ಲ ಕಣೆ.”

“ಕುಡ್ದಿದ್ದು ಗ್ಯಾಪಕ ಇಲ್ವಾ? ಬೆಳಿಗ್ಗೆಯಿಂದ ಎಲ್ಲೆಲ್ಲಿ ಹೋಗಿದ್ರಿ ಗ್ಯಾಪಕ ಇಲ್ವಾ?”

“ಇಲ್ಲ. ಗ್ಯಾಪಕ ಇಲ್ದೆ ಹೆಂಗೆ ಲಿಂಗ ಹಿಡ್ದು ಹೇಳ್ಲಿ?”

ಆಣೆಗೆ ಹೆದರುವವನು ಕಳ್ಳನೇ ಎಂದು ಆ ಮನೆಯಲ್ಲಿ ಎಲ್ಲರೂ ಹುಟ್ಟಿದಾಗಿನಿಂದ ನಂಬಿದವರು. ಲಿಂಗದ ಮುಂದೆ ಮಾತು ತಡವರಿಸಿತೆಂದರೆ ಮುಗಿಯಿತು, ಬೇರೆ ವಿಚಾರಣೆ ಬೇಕಿಲ್ಲ. ಮರುಳಪ್ಪ ಮುಖ ತಿರುಗಿಸಿಕೊಂಡ. ಸರ್ವಮಂಗಳಮ್ಮನ ಒಳಗೆ ಹದಿನಾಲ್ಕು ವರ್ಷದಿಂದ ಹೊಟ್ಟೆಗೆ ಹಾಕಿಕೊಂಡದ್ದೆಲ್ಲ ಒಮ್ಮೆಗೇ ಗಂಟಲಿಗೆ ಬಂತು.

“ನಿಮ್ ಏಡ್ಸ್ ಕಾಯ್ಲೆ ಮುಚ್ಚಿಟ್ಕೊಂಡು ಸಂಸಾರ ಮಾಡಿದ್ದಕ್ಕೆ ಇದೇನಾ ಮರ್ಯಾದೆ? ಹದ್ನಾಕು ವರ್ಷ ಕಣ್ರೀ!”

ಆ ಮಾತು ತನ್ನ ಬಾಯಿಂದಲೇ ಬಂದದ್ದೆಂದು ಅವಳಿಗೆ ನಂಬಿಕೆಯಾಗಲು ಒಂದು ಗಳಿಗೆ ಹಿಡಿಯಿತು. ಮರುಳಪ್ಪನ ಹೆಂಡತಿ ಬಂದು, ಹಾಲೇಶಪ್ಪ ಮಜ್ಜಿಗೆ ಕುಡಿದಿಟ್ಟ ಲೋಟವನ್ನು ಸೆರಗಿನ ತುದಿಯಿಂದ ಹಿಡಿದು ಎತ್ತಿಕೊಂಡು ಹಿತ್ತಲಿಗೆ ಹೋದಳು. ಅವತ್ತೇ ಸಂಜೆಯ ಬಸ್ಸಿಗೆ ಇಬ್ಬರೂ ವಾಪಸಾದರು. ಹಾಲೇಶಪ್ಪ ದಾರಿಯಲ್ಲಿ, “ಊಟ ಚೆನ್ನಾಗಿತ್ತಲ್ವಾ ಮಂಗಳಾ?” ಎಂದು ಕೇಳಿದ.

ಮುಂದಿನ ತಿಂಗಳ ಮಾತ್ರೆಗೆ ಸೆಂಟರಿಗೆ ಹೋದಾಗ ಅವಳು ಡಾಕ್ಟರ್ ರಮಾದೇವಿಯ ಮುಂದೆ ಕುಡಿತದ ದೂರು ಹೇಳಿದಳು. ಡಾಕ್ಟರು ದೂರು ಕೇಳುತ್ತಲೇ ಸೀಸೆಯ ಮಾತ್ರೆಗಳನ್ನು ತಟ್ಟೆಗೆ ಸುರಿದು ಎಣಿಸಿದರು. ಎಷ್ಟು ಉಳಿದಿರಬೇಕೋ ಅಷ್ಟೇ ಇದ್ದವು. ಹೆಸರು ಮರೆತವನು, ಮನೆ ಮರೆತವನು, ಪೂಜೆ ಮುಗಿಸಿ ಮಾತ್ರೆ ನುಂಗುವುದನ್ನು ಮಾತ್ರ ಕೈಯ ಅಭ್ಯಾಸದಿಂದಲೇ ಬಿಟ್ಟಿರಲಿಲ್ಲ. ಡಾಕ್ಟರು ಅವನನ್ನು ನೆಲದ ಗೆರೆಯ ಮೇಲೆ ನಡೆಸಿದರು. ಕುರ್ಚಿ, ಬಾವಿ, ನಿಂಬೆ ಎಂದು ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದರು. ಅವನು ನಕ್ಕು, “ನೀವು ಏನೂ ಹೇಳ್ಲೇ ಇಲ್ವಲ್ಲ” ಎಂದ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ತಲೆಯ ಸ್ಕ್ಯಾನ್ ಆಯಿತು. ಅವನನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲನ್ನು ಎದೆಗೆ ಒತ್ತಿಸಿ, ಬೆನ್ನುಮೂಳೆಯ ಸಂದಿನಿಂದ ಒಂದಿಷ್ಟು ನೀರು ತೆಗೆದರು. ಆ ನೀರು ಎಳನೀರಿನಷ್ಟೇ ತಿಳಿಯಾಗಿತ್ತು. ಅದರ ರಿಪೋರ್ಟು ಹಿಂದೂಪುರಕ್ಕೆ ಬಂದ ದಿನ ಡಾಕ್ಟರ್ ರಮಾದೇವಿ ಸರ್ವಮಂಗಳಮ್ಮನನ್ನು ಒಬ್ಬಳನ್ನೇ ಒಳಗೆ ಕರೆದರು.

“ಅಮ್ಮಾ, ಭಯಪಡಕಂಡಿ, ಹೆದರಬೇಡಿ. ನಿಮ್ಮ ಯಜಮಾನರು ಕುಡಿದಿಲ್ಲ. ಒಂದು ಮಾತ್ರೆ ತಪ್ಪಿಸಿಲ್ಲ. ರಕ್ತದಲ್ಲಿ ವೈರಸ್ ಕಾಣಿಸ್ತಿಲ್ಲ, ಆದರೆ ಬೆನ್ನಿನ ನೀರಲ್ಲಿ ಸಾವಿರಗಟ್ಟಲೆ ಇದೆ. ಮಿದುಳಿನ ಸುತ್ತ ಇರೋದು ಅದೇ ನೀರು.”

“ರಕ್ತದ ರಿಪೋರ್ಟು ಸುಳ್ಳಾ ಹಂಗಾದ್ರೆ?”

“ಸುಳ್ಳಲ್ಲ. ರಕ್ತದ ಮಟ್ಟಿಗೆ ನಿಜ. ನುಂಗಿದ ಮದ್ದು ರಕ್ತಕ್ಕೆ ಸೇರುತ್ತೆ, ಮೈಯೆಲ್ಲಾ ಸುತ್ತುತ್ತೆ. ಆದರೆ ಮಿದುಳಿನ ರಕ್ತನಾಳದ ಗೋಡೆ ಬೇರೆ ಕಡೆಯ ಥರ ಅಲ್ಲ, ಸಂದೇ ಇಲ್ಲದ ಹಾಗೆ ಕಟ್ಟಿದೆ. ವಿಷ ಒಳಗೆ ಹೋಗಬಾರದು ಅಂತ ಇರೋ ಕಾವಲು ಅದು. ಪಾಪ, ಅದಕ್ಕೆ ಮದ್ದು ಯಾವುದು ವಿಷ ಯಾವುದು ಗೊತ್ತಾಗಲ್ಲ. ಕೆಲವು ಮದ್ದನ್ನ ಬಿಡುತ್ತೆ, ಕೆಲವನ್ನ ಬಂದ ದಾರಿಯಲ್ಲೇ ವಾಪಸ್ ತಳ್ಳುತ್ತೆ. ಐದು ವರ್ಷದ ಹಿಂದೆ ಇವರಿಗೆ ಬದಲಾಯಿಸಿ ಕೊಟ್ಟ ಮಾತ್ರೆಗಳು ಒಳಗೆ ಹೋಗಿದ್ದು ಅಷ್ಟಕ್ಕಷ್ಟೇ. ವೈರಸ್ ಮಾತ್ರ ಎಂದೋ ಒಳಗೆ ಸೇರ್ಕೊಂಡಿತ್ತು. ಹೊರಗೆ ತಗ್ಗಿದರೂ ಒಳಗೆ ಬೆಳೆದಿದೆ.”

ಮೂಟೆಯ ಬಾಯಲ್ಲಿರುವ ಹಣ್ಣು ನೋಡಿ ಒಳಗಿನದಕ್ಕೆ ಬೆಲೆ ಕಟ್ಟಬಾರದೆಂದು ಮಂಡಿಯ ಮನೆಯಲ್ಲಿ ಬಾಳಿದ ಸರ್ವಮಂಗಳಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗಂಡನ ವಿಷಯದಲ್ಲಿ ಮೂಟೆಯ ಬಾಯಿ ನೋಡಿಯೇ ತೀರ್ಪು ಕೊಟ್ಟಿದ್ದಳು. ಕುಡಿಯದವನನ್ನು ಕುಡುಕ ಎಂದದ್ದು ಒಂದು, ಹದಿನಾಲ್ಕು ವರ್ಷ ಕಾದ ಗುಟ್ಟನ್ನು ಅದೇ ಬಾಯಲ್ಲಿ ಹರಾಜಿಗಿಟ್ಟದ್ದು ಇನ್ನೊಂದು. ಅವಳು ಡಾಕ್ಟರ ಮೇಜಿನ ಅಂಚು ಹಿಡಿದುಕೊಂಡು ಅತ್ತಳು. ಡಾಕ್ಟರು ಅದನ್ನು ಕಾಯಿಲೆಯ ಭಯವೆಂದು ತಿಳಿದರು.

“ಮಾತ್ರೆ ಬದಲಾಯಿಸ್ತೀವಿ. ಒಳಗೆ ಚೆನ್ನಾಗಿ ಇಳಿಯೋ ಮದ್ದು ಕೊಡ್ತೀವಿ. ಅದರಲ್ಲಿ ಒಂದು ಮಾತ್ರೆ ಮೈಯಲ್ಲಿ ರಕ್ತ ಕಡಿಮೆ ಮಾಡಬಹುದು, ಪರೀಕ್ಷೆ ಮಾಡಿಸ್ತಾ ಇರಬೇಕು.”

“ಮೊದಲಿನ ಥರ ಆಗ್ತಾರಾ?”

“ಹೇಳೋಕಾಗಲ್ಲಮ್ಮಾ. ಆ ಕಾವಲು ದಾಟಿದ ಮೇಲೂ ಮದ್ದು ಎಲ್ಲ ಕಡೆ ಒಂದೇ ಸಮ ಹರಡಲ್ಲ. ನೀರಲ್ಲಿ ಇರೋ ಅಷ್ಟು ಮಿದುಳಿನ ತಿರುಳಲ್ಲೂ ಇರುತ್ತೆ ಅನ್ನೋ ಹಾಗಿಲ್ಲ. ಯಾವ ಮೂಲೆಗೆ ಎಷ್ಟು ಮುಟ್ತು ಅಂತ ಕೈ ಹಾಕಿ ನೋಡೋಕಾಗುತ್ತಾ? ಮನುಷ್ಯನ್ನ ನೋಡಿಯೇ ತಿಳೀಬೇಕು. ದಿನಾ ನೋಡೋರು ನೀವೇ.”

ಸಂಕ್ರಾಂತಿಯ ಹೊತ್ತಿಗೆ ಹೊಸ ಮಾತ್ರೆ ಶುರುವಾಯಿತು. ಅವಳು ನೋಡತೊಡಗಿದಳು. ಮೊದಲು ತಿರುಗಿ ಬಂದದ್ದು ಕಾಲು. ಮೂರನೇ ವಾರದಲ್ಲಿ ಗೋಡೆ ಬಿಟ್ಟು ನಡೆದ. ಆಮೇಲೆ ಗುಂಡಿ. ಅಂಗಿಯ ಗುಂಡಿಯನ್ನು ಅವನು ತಾನೇ ಹಾಕಿಕೊಂಡ ದಿನ ಅವಳು ಅಡಿಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದಳು. ಆಮೇಲೆ ಬೀದಿಯ ಹೆಸರು, ಸಂಜೀವಪ್ಪನ ಹೆಸರು, ಹೊಸ ಹಣ್ಣು ಬರುವ ತಿಂಗಳು. ಮದ್ದು ಇಂಚಿಂಚೇ ಒಳಗೆ ನಡೆಯುತ್ತಿದೆ, ಇವತ್ತು ಈ ಮೂಲೆಗೆ ಮುಟ್ಟಿತು, ನಾಳೆ ಆ ಮೂಲೆಗೆ ಎಂದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಒಂದು ಮೂಲೆ ಮಾತ್ರ ಇತ್ತು. ಕಲ್ಯಾಣದುರ್ಗದ ಪಡಸಾಲೆ ಇರುವ ಮೂಲೆ. ಅಲ್ಲಿಗೆ ಮುಟ್ಟದಿರಲಪ್ಪಾ ಎಂದು ಒಂದು ಬೆಳಿಗ್ಗೆ ಲಿಂಗದ ಮುಂದೆ ಬೇಡಿಕೊಂಡೂಬಿಟ್ಟಳು. ಬೇಡಿದ ಮರುಕ್ಷಣ ಏನು ಬೇಡಿದೆನೆಂದು ಹೊಳೆಯಿತು. ಗಂಡನ ಮಿದುಳಿನಲ್ಲಿ ಅಷ್ಟು ಜಾಗ ರೋಗಕ್ಕೇ ಇರಲಿ ಎಂದು ಕೇಳಿಕೊಂಡಿದ್ದಳಲ್ಲವೇ ಅವಳು? ಕೆನ್ನೆ ಕೆನ್ನೆ ಬಡಿದುಕೊಂಡು ತಪ್ಪಾಯಿತು ಎಂದಳು. ಆದರೂ ಭಯ ಹೋಗಲಿಲ್ಲ.

ಮಾಘದಲ್ಲಿ ಮೇಘನಾಳ ಮದುವೆಯಾಯಿತು. ಮರುಳಪ್ಪ ಫೋನಿನಲ್ಲಿ, “ನೀನು ಬೇಕಾದ್ರೆ ಬಾರಮ್ಮ. ಅವನು ಬ್ಯಾಡ. ಬೀಗರ ಕಿವಿಗೆ ಬಿದ್ರೆ ಕಷ್ಟ” ಎಂದಿದ್ದ. ಅವಳು ಹೋಗಲಿಲ್ಲ. ಗಂಡ ಕೇಳಿದಾಗ, ದೂರದ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದಾರೆ ಎಂದಳು. ಅವನು ಅವಳ ಮುಖ ನೋಡಿ, ತಲೆಯಾಡಿಸಿದ. ಅಂದಿನಿಂದ ಅವಳು ಒಂದು ಸುಳ್ಳಿನ ಮೇಲೆ ಇನ್ನೊಂದನ್ನು ಇಟ್ಟುಕೊಂಡೇ ಬಂದಳು. ಅಣ್ಣನ ಫೋನು ಯಾಕಿಲ್ಲ ಎಂದರೆ ವ್ಯಾಪಾರದ ಗಡಿಬಿಡಿ, ಮೇಘನಾ ಯಾಕೆ ಬಂದು ಹೋಗಲಿಲ್ಲ ಎಂದರೆ ಹೊಸ ಸಂಸಾರ.

ಯುಗಾದಿ ಕಳೆಯಿತು. ಹೊಸ ಹಣ್ಣಿನ ಲೋಡುಗಳು ಬಂದು ಮಂಡಿ ತುಂಬಿತು. ಹಾಲೇಶಪ್ಪ ಮತ್ತೆ ಮೂಟೆಗೆ ಕೈ ಇಳಿಸಿದ. ಮೊದಲಿನ ಚುರುಕು ಪೂರ್ತಿ ಬಂದಿರಲಿಲ್ಲ, ಬರೆಯುವಾಗ ಕೈ ನಡುಗುತ್ತಿತ್ತು. ಮೇ ತಿಂಗಳ ಕೊನೆಗೆ ಡಾಕ್ಟರ್ ರಮಾದೇವಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಮೂರು ಪದ ಹೇಳಿದರು. ಐದು ನಿಮಿಷದ ಮೇಲೆ ಮೂರನ್ನೂ ಹಾಲೇಶಪ್ಪ ತಿರುಗಿ ಹೇಳಿದ. ಡಾಕ್ಟರಿಗೆ ಹುರುಪು ಬಂತು.

“ಇನ್ನೊಂದು. ಹುಷಾರಿಲ್ಲದಾಗ ನಡೆದ ಒಂದು ಸಂಗತಿ ನೆನಪಿದೆಯಾ? ಏನಾದರೂ ಸರಿ, ವಿವರವಾಗಿ ಹೇಳಿ ನೋಡೋಣ.”

ಹಾಲೇಶಪ್ಪ ಹೆಂಡತಿಯ ಕಡೆ ನೋಡಲಿಲ್ಲ.

“ನಮ್ಮಣ್ಣನ ಮಗಳ ನಿಶ್ಚಿತಾರ್ಥ. ಕಲ್ಯಾಣದುರ್ಗದಲ್ಲಿ. ನನ್ ಕೈಯಿಂದ ತಟ್ಟೆ ಬಿತ್ತು. ಕುಡ್ದಿಲ್ಲ ಅಂತ ಲಿಂಗ ಹಿಡ್ದು ಹೇಳು ಅಂದ್ರು. ನಂಗೆ ಅವತ್ತು ಬೆಳಿಗ್ಗೆ ಏನಾಗಿತ್ತು ಅಂತ್ಲೇ ಗ್ಯಾಪಕ ಇರ್ಲಿಲ್ಲ, ಹೇಳ್ಲಿಲ್ಲ. ಆಮೇಲೆ ನಮ್ ಕಾಯ್ಲೆ ವಿಷ್ಯ ಎಲ್ರಿಗೂ ಗೊತ್ತಾಯ್ತು. ನಮ್ಮತ್ತಿಗೆ ನಾನ್ ಕುಡ್ದ ಲೋಟ ಸೆರಗಲ್ಲಿ ಹಿಡ್ಕೊಂಡು ಹೋದ್ರು. ನಮ್ಮನೆಯವಳ ಮೂಗುಬಟ್ಟಿನ ಹತ್ರ ಬೆವರಿತ್ತು.”

ಯಾರ ಬಾಯಿಂದ ಗೊತ್ತಾಯಿತೆಂದು ಅವನು ಹೇಳಲಿಲ್ಲ.

“ಚಾಲಾ ಬಾಗುಂದಿ! ತುಂಬಾ ಚೆನ್ನಾಗಿದೆ!” ಎಂದರು ಡಾಕ್ಟರು, ಬರೆದುಕೊಳ್ಳುತ್ತಾ. “ಆಗ ಒಳಗೆ ಇಳಿದಿದ್ದ ನೆನಪನ್ನ ಎತ್ತಿಕೊಳ್ಳೋಕೆ ಆಗ್ತಿರಲಿಲ್ಲ, ಈಗ ಆಗ್ತಿದೆ. ಮದ್ದು ಮುಟ್ಟಿದೆಯಮ್ಮಾ, ಚೆನ್ನಾಗಿ ಮುಟ್ಟಿದೆ!” ತಲೆ ಎತ್ತಿದಾಗ ಸರ್ವಮಂಗಳಮ್ಮನ ಮುಖ ಕಂಡು ಅವರ ಪೆನ್ನು ನಿಂತಿತು. ಆಮೇಲೆ ಮುಂದಿನ ತಿಂಗಳ ತಾರೀಖು ಬರೆದುಕೊಟ್ಟರು.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಬಿಸಿಲು ಸುಡುತ್ತಿತ್ತು.

“ಯಾವಾಗ ಗ್ಯಾಪಕ ಬಂತು?” ಎಂದು ಅವಳು ಕೇಳಿದಳು.

“ಮೇಘನಾ ಮದ್ವೆಗೆ ಹೋಗೋದು ಬ್ಯಾಡ ಅಂದ್ಯಲ್ಲ, ಆವಾಗ ಒಂದೀಟು. ಯುಗಾದಿ ಹೊತ್ಗೆ ಪೂರ್ತಿ.”

“ಎರಡು ತಿಂಗ್ಳಾಯ್ತು. ಯಾಕೆ ಕೇಳ್ಲಿಲ್ಲ ನನ್ನ?”

“ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ.”

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಕೈ ಎತ್ತಿದ್ದರೂ ಸರಿ ಎಂದುಕೊಳ್ಳುತ್ತಿದ್ದಳು. ಎರಡು ತಿಂಗಳು ಅವಳು ಬಡಿಸಿದ್ದನ್ನು ಉಂಡು, ಅವಳು ಹೇಳಿದ ಒಂದೊಂದು ಸುಳ್ಳಿಗೂ ತಲೆಯಾಡಿಸಿ ಅವನು ಕಾದಿದ್ದಾನೆ ಎಂಬುದನ್ನು ತಡೆಯಲಾಗಲಿಲ್ಲ. ಅಳು ಬರಲಿಲ್ಲ. ಎದ್ದು ನಿಂತಳು.

“ನಾನ್ ಈಗ್ಲೇ ಕಲ್ಯಾಣದುರ್ಗಕ್ಕೆ ಹೋಯ್ತೀನಿ. ಆ ಪಡಸಾಲೇಲೇ ನಿಂತು ಭಾವಂಗೆ ಹೇಳ್ತೀನಿ, ನೀವು ಕುಡ್ದಿರ್ಲಿಲ್ಲ ಅಂತ. ಕಾಯ್ಲೇನೂ ಇಲ್ಲ, ಕ್ವಾಪಕ್ಕೆ ಬಾಯಿಗೆ ಬಂದಿದ್ದು ಅಂದ್ಬುಟ್ಟೆ ಅಂತೀನಿ. ನನ್ನೇ ಹುಚ್ಚಿ ಅನ್ಲಿ. ಬೇಕಾದ್ರೆ ನನ್ ಲಿಂಗಾನೇ ಹಿಡ್ದು ಹೇಳ್ತೀನಿ.”

ಹಾಲೇಶಪ್ಪ ಅವಳ ಹಿಂದೆ ನಡೆದ. ಬಸ್‌ಸ್ಟ್ಯಾಂಡಿನಲ್ಲಿ ಮಡಕಶಿರದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವ ಬಸ್ಸು ಹೊರಡಲು ತಯಾರಾಗಿತ್ತು. ಅವಳು ಹತ್ತಿ ಮುಂದಿನ ಸೀಟಿನ ಅಂಚಿಗೆ ಕೂತಳು. ಅವನು ಕೆಳಗೇ ನಿಂತ. ಕಂಡಕ್ಟರ್ ಬಂದು, “ಎಕ್ಕಡಿಕಮ್ಮಾ?” ಎಂದ. ಅವಳು ಆಧಾರ್ ಕಾರ್ಡು ತೋರಿಸಿ ಊರ ಹೆಸರು ಹೇಳಿ ಹೆಂಗಸರ ಉಚಿತ ಟಿಕೆಟ್ ತೆಗೆದುಕೊಂಡಳು. ಡ್ರೈವರು ಬಸ್ಸು ಸ್ಟಾರ್ಟ್ ಮಾಡಿದ.

ಹಾಲೇಶಪ್ಪ ಎರಡು ಕೈಯಲ್ಲೂ ಕಂಬಿ ಹಿಡಿದು ಮೆಟ್ಟಿಲು ಹತ್ತಿದ. ಅವಸರವಿಲ್ಲದೆ, ಒಂದೊಂದು ಹೆಜ್ಜೆ ನೋಡಿಕೊಂಡು ಬಂದು ಅವಳ ಪಕ್ಕ ನಿಂತ.

“ಸರ್ಕೊ” ಎಂದ.

ಅವಳು ಸರಿದಳು. ಅವನು ಕೂತು, ಅಂಗಿಯ ತುದಿಯಿಂದ ಮುಖದ ಬೆವರು ಒರೆಸಿಕೊಂಡ.

“ಕುಡ್ದಿರ್ಲಿಲ್ಲ ಅಂತ ನೀನ್ ಹೇಳು. ಕುಡ್ದೆ ಅನ್ನೋದು ನೀನು ಹೇಳಿದ್ದ ಸುಳ್ಳು” ಎಂದ. “ಕಾಯ್ಲೆ ಇಲ್ಲ ಅಂತ ಮಾತ್ರ ಅನ್ಬ್ಯಾಡ. ಅದು ಐತೆ. ಅದನ್ನ ನಾನೇ ಹೇಳ್ತೀನಿ.”